ತೋಕೈಮುರಾದ ಬಕೆಟ್ಟುಗಳು ಮತ್ತು ನಮ್ಮ ವಿದ್ಯಾರ್ಥಿಗಳು

1999ರ ಸೆಪ್ಟೆಂಬರ್ 30. ಜಪಾನಿನ ತೋಕೈಮುರಾದ ಅಣು ಇಂಧನ ಘಟಕವೊಂದರಲ್ಲಿ ಕಾರ್ಮಿಕರು ಕೆಲಸ ಬೇಗ ಮುಗಿಸಲೆಂದು, ಅನುಮೋದಿತ ವಿಧಾನವನ್ನು ಬದಿಗಿಟ್ಟು, ಸಮೃದ್ಧ ಯುರೇನಿಯಂ ದ್ರಾವಣವನ್ನು ಸ್ಟೀಲ್ ಬಕೆಟ್ಟುಗಳಿಂದ ತೊಟ್ಟಿಯೊಂದಕ್ಕೆ ಸುರಿದರು. ಮಿತಿಯಿದ್ದುದು 2.4 ಕಿಲೋಗ್ರಾಂ ಯುರೇನಿಯಂ. ತೊಟ್ಟಿ ಸೇರಿದ್ದು ಸುಮಾರು 16 ಕಿಲೋಗ್ರಾಂ. ಹೊತ್ತಿಕೊಂಡ ಸರಪಳಿ ಕ್ರಿಯೆ ಸುಮಾರು 20 ಗಂಟೆಗಳ ಕಾಲ ನಡೆಯಿತು. ಇಬ್ಬರು ಕಾರ್ಮಿಕರು ಮುಂದಿನ ತಿಂಗಳುಗಳಲ್ಲಿ ಅಸುನೀಗಿದರು.

ವಿದಳನಕ್ರಿಯೆ ತನ್ನ ನ್ಯೂಟ್ರಾನುಗಳಿಂದಲೇ ಮುಂದುವರಿಯುವ ಸ್ಥಿತಿಗೆ ‘ಕ್ರಿಟಿಕ್ಯಾಲಿಟಿ’ ಎಂದು ಹೆಸರು. ರಿಯಾಕ್ಟರಿನೊಳಗೆ ಅದು ಅಪೇಕ್ಷಣೀಯ, ಹೊರಗೆ ಪ್ರಾಣಾಂತಿಕ. ಇಲ್ಲಿ ತೂಕವೊಂದೇ ಅಲ್ಲ, ಪಾತ್ರೆಯ ಆಕಾರವೂ ನಿರ್ಣಾಯಕ. ಎತ್ತರದ ಸಪೂರ ಪಾತ್ರೆಯಲ್ಲಿ ನ್ಯೂಟ್ರಾನುಗಳು ಸೋರಿಹೋಗುತ್ತವೆ. ಅಗಲವಾದ ತೊಟ್ಟಿಯಲ್ಲಿ ಉಳಿದುಕೊಳ್ಳುತ್ತವೆ. ತೋಕೈಮುರಾದಲ್ಲಿ ತೊಟ್ಟಿಯ ಸುತ್ತಲಿದ್ದ ತಂಪುನೀರು ಅವುಗಳನ್ನು ಒಳಕ್ಕೇ ಮರಳಿಸುತ್ತಿತ್ತು. ಆ ನೀರನ್ನು ಹೊರಹಾಕಿದ ಮೇಲೆಯೇ ಕ್ರಿಯೆ ತಗ್ಗಿತು. ಈ ಸರಳ ಸತ್ಯವನ್ನು ಆ ಕಾರ್ಮಿಕರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ.

ಹಾಗೆಂದು ಜ್ಞಾನವೊಂದೇ ರಕ್ಷೆಯಲ್ಲ. 1946ರಲ್ಲಿ ಲಾಸ್ ಅಲಾಮೋಸ್‌ನಲ್ಲಿ ಲೂಯಿ ಸ್ಲೋಟಿನ್ ಎಂಬ ನುರಿತ ವಿಜ್ಞಾನಿಯ ಕೈಯಲ್ಲಿನ ಸ್ಕ್ರೂಡ್ರೈವರ್ ಜಾರಿತು. ಒಂಬತ್ತು ದಿನಗಳಲ್ಲಿ ಅವರು ತೀರಿಕೊಂಡರು. ಅರಿವಿನೊಡನೆ ಶಿಸ್ತೂ ಬೇಕು. ಶಿಸ್ತು ಅಭ್ಯಾಸದಿಂದಲೇ ಬರುತ್ತದೆ. ಅಮೆರಿಕದ ನೆವಾಡದ ಪ್ರಯೋಗ ಕೇಂದ್ರದಲ್ಲಿ ಅಭ್ಯರ್ಥಿಗಳು ವಿದಳನಶೀಲ ವಸ್ತುವನ್ನು ಹಂತಹಂತವಾಗಿ ಸಮೀಪಿಸುತ್ತ, ನ್ಯೂಟ್ರಾನುಗಳ ಎಣಿಕೆ ಏರುವುದನ್ನು ತಾವೇ ಕಂಡು ಕಲಿಯುತ್ತಾರೆ.

ನಮ್ಮ ದೇಶದ ಸ್ಥಿತಿಯೇನು? ಸಹಜ ಯುರೇನಿಯಂ ಬಳಸುವ ಕೈಗಾದಂಥ ಸ್ಥಾವರಗಳ ಹೊಸ ಇಂಧನವನ್ನು ನಿರ್ವಹಿಸುವಾಗ ಈ ಅಪಾಯ ಕಡಿಮೆ. ಆದರೆ ಪ್ಲುಟೋನಿಯಂ ಬೇರ್ಪಡಿಸುವ ಮರುಸಂಸ್ಕರಣೆಯಲ್ಲಿ ಎಚ್ಚರ ಅನಿವಾರ್ಯ. ನಮ್ಮ ನೆರೆಯ ಟ್ರಾಂಬೆ, ತಾರಾಪುರಗಳಲ್ಲಿ ನಡೆದುಬಂದಿರುವುದು ಅದೇ ಕಾರ್ಯ. 1957ರಿಂದ ಟ್ರಾಂಬೆಯ ತರಬೇತಿ ಶಾಲೆ ವಿಜ್ಞಾನಿಗಳನ್ನು ರೂಪಿಸುತ್ತ ಬಂದಿದೆ. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ ಅದನ್ನು ಕಟ್ಟಿದವರಲ್ಲಿ ಪ್ರಮುಖರೆಂಬುದು ಮುಂಬಯಿ ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣುವಿದ್ಯುತ್ತಿನ ಗುರಿಯನ್ನು ಸರಕಾರ 2025ರಲ್ಲಿ ಘೋಷಿಸಿತು. ಅಷ್ಟು ಜನರನ್ನು ಒಂದೇ ಶಾಲೆ ಸಿದ್ಧಗೊಳಿಸಲಾರದು. ಇಂಜಿನಿಯರಿಂಗ್ ಪಠ್ಯಗಳು ಸರಪಳಿ ಕ್ರಿಯೆಯನ್ನು ಹೊತ್ತಿಸುವ ಗಣಿತವನ್ನು ಬೋಧಿಸುತ್ತವೆ. ಹೊತ್ತದಂತೆ ಕಾಯುವ ವಿವೇಕವನ್ನೂ ವಿಶ್ವವಿದ್ಯಾಲಯಗಳು ಬೋಧಿಸಬೇಕು. ಹಳೆಯ ಅಪಘಾತಗಳ ಅಧ್ಯಯನಕ್ಕೆ ದುಬಾರಿ ಯಂತ್ರಗಳೇನೂ ಬೇಡ. ಸ್ಥಾವರಗಳನ್ನು ಕಟ್ಟುವ ಮೊದಲು ಅವುಗಳನ್ನು ಕಾಯುವವರನ್ನು ಕಟ್ಟೋಣ ಎಂಬುದು ನಮ್ಮ ಆಶಯ.