ಕೈಗೆ ಬಂದದ್ದೆಲ್ಲ ನಮ್ಮದಲ್ಲ

ಜೆರಾಕ್ಸ್ ಮಾಡಿಸಲು ಬಂದವರು ಅಂಗಡಿಯಲ್ಲಿ ಮರೆತು ಹೋಗುವುದು ಹೆಚ್ಚಾಗಿ ಒರಿಜಿನಲ್ಲನ್ನೇ. ನಕಲನ್ನು ಜೋಪಾನವಾಗಿ ಕವರಿಗೆ ಹಾಕಿಕೊಂಡು, ಅಸಲನ್ನು ಮೆಷಿನ್ನಿನ ಮುಚ್ಚಳದಡಿ ಬಿಟ್ಟು ಬಸ್ ಹತ್ತಿಬಿಡುತ್ತಾರೆ. ಹೊಳೆನರಸೀಪುರದಲ್ಲಿ ನಾನು ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು. ಪಹಣಿ, ಮಾರ್ಕ್ಸ್ ಕಾರ್ಡು, ಆಸ್ಪತ್ರೆ ಚೀಟಿ ಎಲ್ಲ ಸಿಕ್ಕಿವೆ. ಒಮ್ಮೆ ಒಬ್ಬ ಹೆಣ್ಣುಮಗಳ ವಿಚ್ಛೇದನದ ಅರ್ಜಿ ಸಿಕ್ಕಿತು. ಮಾರನೇ ದಿನ ಆಕೆಗಿಂತ ಮೊದಲು ಆಕೆಯ ಗಂಡ ಬಂದ.

‘ಅಕ್ಕ, ನಮ್ಮನೆಯವಳು ನಿನ್ನೆ ಏನೋ ಜೆರಾಕ್ಸ್ ಮಾಡಿಸಿದಳಂತಲ್ಲ, ಏನದು?’

‘ದಿನಕ್ಕೆ ನೂರು ಜನ ಬರ್ತಾರೆ, ಯಾರದ್ದು ಅಂತ ನೆನಪಿಟ್ಕೊಳ್ಳಲಣ್ಣ’ ಎಂದೆ. ಅರ್ಜಿ ನನ್ನ ಡ್ರಾಯರಿನಲ್ಲೇ ಇತ್ತು. ಅಂದು ಹೇಳಿದ ಸುಳ್ಳಿಗೆ ನನಗೆ ಇಂದಿಗೂ ಬೇಸರವಿಲ್ಲ.

ಆದರೆ ಇನ್ನೊಬ್ಬರ ಗುಟ್ಟು ಕಾಯುವವಳು ನಾನು ಎಂಬ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಚನ್ನರಾಯಪಟ್ಟಣಕ್ಕೆ ನೆಂಟರ ಮನೆಗೆ ಹೋಗಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರ ಬೋಂಡ ಕೊಂಡೆ. ಎಣ್ಣೆ ಹೀರಿದ್ದ ಕಾಗದದಲ್ಲಿ ಒಬ್ಬ ರೈತರ ಮುಖ ಕಂಡಿತು. ಅರಕಲಗೂಡು ಕಡೆಯ ಆಲೂಗೆಡ್ಡೆ ಬೆಳೆಗಾರರೊಬ್ಬರ ಸಾಲದ ಅರ್ಜಿ ಅದು. ಹೆಸರು, ತಂದೆ ಹೆಸರು, ಸರ್ವೆ ನಂಬರು, ಬ್ಯಾಂಕ್ ಖಾತೆ, ಕೆಳಗೆ ಸಹಿ, ಎಲ್ಲವೂ ಇತ್ತು. ಎಡಗಡೆ ಮೇಲಿಂದ ಕೆಳಗೆ ಸಣ್ಣದೊಂದು ಕರಿ ಗೆರೆ. ಡ್ರಮ್ ಸವೆದು ನನ್ನ ಹಳೇ ಮೆಷಿನ್ ಎಳೆಯುತ್ತಿದ್ದ ಗೆರೆ! ಸರಿಯಾಗಿ ಬಾರದ ಪ್ರತಿಗಳನ್ನೆಲ್ಲ ಕೆಜಿ ಲೆಕ್ಕದಲ್ಲಿ ರದ್ದಿಗೆ ಹಾಕುತ್ತಿದ್ದವಳು ನಾನೇ. ಬೋಂಡ ಗಂಟಲಲ್ಲಿ ಇಳಿಯಲಿಲ್ಲ. ಅಂದಿನಿಂದ ಹಾಳಾದ ಪ್ರತಿಯನ್ನು ನನ್ನ ಅಂಗಡಿಯಿಂದ ರದ್ದಿಗೆ ಹಾಕಿಲ್ಲ. ಮನೆಗೊಯ್ದು ನೀರೊಲೆಗೆ ಹಾಕುತ್ತೇನೆ.

ಇದನ್ನು ಗಿರಾಕಿಗಳಿಗೆ ಹೇಳಿದರೆ ನಗುತ್ತಾರೆ. ‘ನಮ್ಮತ್ರ ಏನೈತೆ ಬಿಡಕ್ಕ ಮುಚ್ಚಿಡಾಕೆ’ ಎನ್ನುತ್ತಾರೆ. ಮುಚ್ಚಿಡುವವರೆಲ್ಲ ತಪ್ಪು ಮಾಡಿದವರು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅರ್ಜಿ ಬರೆಸಿದ ಆ ಹೆಣ್ಣುಮಗಳು ಯಾವ ತಪ್ಪು ಮಾಡಿದ್ದಳು? ಗಂಡನ ಕಿವಿಗೆ ಒಂದು ದಿನ ಮೊದಲೇ ಸುದ್ದಿ ಬಿದ್ದಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಯಾವ ಸಂಗತಿ ಯಾರಿಗೆ, ಯಾವಾಗ ಗೊತ್ತಾಗಬೇಕು ಎಂದು ಅವಳೇ ತೀರ್ಮಾನಿಸಬೇಕಿತ್ತು. ಖಾಸಗಿತನ ಎಂಬ ದೊಡ್ಡ ಮಾತಿಗೆ ನಾನು ಕಂಡುಕೊಂಡ ಅರ್ಥ ಇಷ್ಟೇ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಂಡಕಂಡಲ್ಲಿ ಆಧಾರ್ ಜೆರಾಕ್ಸ್ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಮರುವರ್ಷ ಜುಲೈಯಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಗೆ ಅರ್ಜಿ ಹಾಕುವುದು ಶುರುವಾಯಿತು. ಬೆಳಗ್ಗೆ ಷಟರ್ ಎತ್ತುವ ಮೊದಲೇ ಹೆಂಗಸರ ಸಾಲು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲ ನನ್ನ ವಾಟ್ಸಾಪ್‌ಗೆ ಬಂದು ಬಿದ್ದವು. ಒಂದು ರಾತ್ರಿ ಕಂಪ್ಯೂಟರ್ ನಿಧಾನವಾಯಿತೆಂದು ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ನಾಲ್ಕು ಸಾವಿರಕ್ಕೂ ಹೆಚ್ಚು ಫೈಲು. ಅರ್ಧ ತಾಲ್ಲೂಕಿನ ಹೆಂಗಸರು ನನ್ನ ಮೇಜಿನ ಮೇಲಿದ್ದರು. ನಾನು ಒಳ್ಳೆಯವಳೋ ಕೆಟ್ಟವಳೋ ಎಂದು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಕೇಳಬೇಕಿತ್ತು. ಅದೇ 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಜಮೀನು ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ, ಆಧಾರ್ ಮೂಲಕ ಖಾತೆಯ ಹಣ ಎಗರಿಸಿದ ಪ್ರಕರಣಗಳು ಬಯಲಾದವು. ಪಾಸ್‌ವರ್ಡ್ ಬದಲಾಯಿಸಬಹುದು, ಹೆಬ್ಬೆರಳು ಬದಲಾಯಿಸಲಾದೀತೆ?

ಆಮೇಲೆ ಬಂದದ್ದು 2024ರ ಏಪ್ರಿಲ್. 26ಕ್ಕೆ ಲೋಕಸಭೆಯ ಮತದಾನ. ಅದಕ್ಕೆ ಕೆಲವೇ ದಿನ ಮೊದಲು ನಮ್ಮ ಹಾಸನ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಕರಪತ್ರದ ಹಾಗೆ ಬಿದ್ದವು. ನಮ್ಮ ಸಂಸದರ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳು ಅವುಗಳಲ್ಲಿದ್ದವು. ಅವುಗಳಲ್ಲಿ ಕಾಣುವ ಹೆಂಗಸರ ಮುಖ ಮರೆಮಾಡುವಷ್ಟು ಕನಿಕರವೂ ಹಂಚಿದವರಿಗಿರಲಿಲ್ಲ. ಎಸ್ಸೆಸ್ಸೆಲ್ಸಿ ಓದುವಾಗಿನಿಂದ ನಾನು ನೋಡುತ್ತಿದ್ದ ಹುಡುಗ ಒಂದು ಪೆನ್‌ಡ್ರೈವ್ ಹಿಡಿದುಕೊಂಡು ಬಂದ.

‘ಅಕ್ಕ, ಇದ್ನ ಮೊಬೈಲಿಗೆ ಹಾಕ್ಕೊಡಿ, ಎಷ್ಟಾಯ್ತದೆ?’

‘ಏನೋ ಅದು?’

‘ಊರಿಗೇ ಗೊತ್ತಲ್ಲಕ್ಕ.’

‘ಊರಿಗೇ ಗೊತ್ತಿದ್ಮೇಲೆ ನಿಂಗ್ಯಾಕೆ ಇನ್ನೊಂದು ಕಾಪಿ?’

ಅವನು ಮುಖ ತಗ್ಗಿಸಿ ಹೋದ. ಬೇರೆ ಎಲ್ಲೋ ಹಾಕಿಸಿಕೊಂಡಿರಬಹುದು. ಆ ವಾರ ಅಂಗಡಿಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ಏನೋ ಹುಡುಕಿದ ಹಾಗಾಗುತ್ತದೆಂಬ ಅಳುಕು.

ಆ ವಿಡಿಯೊಗಳು ಹೊರಬರದಿದ್ದರೆ ನ್ಯಾಯವೇ ಸಿಗುತ್ತಿರಲಿಲ್ಲ ಎಂದು ವಾದಿಸುವವರಿದ್ದಾರೆ. ಸಾಕ್ಷ್ಯ ಹೊರಬರಲೇಬೇಕಿತ್ತು, ಒಪ್ಪುತ್ತೇನೆ. ಅದು ಹೋಗಬೇಕಾಗಿದ್ದುದು ಪೊಲೀಸ್ ಠಾಣೆಗೆ, ಕೋರ್ಟಿಗೆ. ವಿಡಿಯೊ ಹಂಚುವುದೂ ಅಪರಾಧವೆಂದು ಈ ಪ್ರಕರಣಗಳ ವಿಶೇಷ ತನಿಖಾ ತಂಡವೇ ಎಚ್ಚರಿಸಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ, ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ದೋಷಿ ಎಂದಿತು. ಮಾರನೇ ದಿನ ಜೀವಾವಧಿ ಶಿಕ್ಷೆ ವಿಧಿಸಿತು. ಆ ತೀರ್ಪಿಗೆ ಬೇಕಾದದ್ದು ಆಕೆ ಧೈರ್ಯವಾಗಿ ನುಡಿದ ಸಾಕ್ಷಿ ಮತ್ತು ವಿಧಿವಿಜ್ಞಾನದ ಪುರಾವೆ. ಟೀ ಅಂಗಡಿ ಮುಂದೆ ಗುಂಪುಗೂಡಿ ಮೊಬೈಲ್ ಬಗ್ಗಿ ನೋಡಿದವರು ಆ ನ್ಯಾಯಕ್ಕೆ ಕೂದಲೆಳೆಯಷ್ಟೂ ಒದಗಲಿಲ್ಲ. ಒಮ್ಮೆ ನೊಂದವರನ್ನು ಸಾವಿರ ಮೊಬೈಲಿನಲ್ಲಿ ಮತ್ತೆ ನೋಯಿಸಿದರು, ಅಷ್ಟೇ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅವರ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಕೊಟ್ಟರು. ಈ ಕಾಯ್ದೆ ಕಂಪ್ಯೂಟರಿಗೆ ಏರಿದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಬೋಂಡ ಕಟ್ಟುವ ಕಾಗದ ಅದರ ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನಮ್ಮೂರ ಮಟ್ಟದಲ್ಲೇ ಆಗಬೇಕಾದ ಕೆಲವು ಕೆಲಸಗಳಿವೆ. ಮೊದಲನೆಯದು ಸರ್ಕಾರದ್ದು. ಪಹಣಿ ಕೊಟ್ಟದ್ದು ಸರ್ಕಾರ, ಆಧಾರ್ ಕೊಟ್ಟದ್ದು ಸರ್ಕಾರ, ರೇಷನ್ ಕಾರ್ಡು ಕೊಟ್ಟದ್ದೂ ಸರ್ಕಾರ. ಮೂರನ್ನೂ ಜೆರಾಕ್ಸ್ ಮಾಡಿಸಿ ಮತ್ತೆ ಸರ್ಕಾರಕ್ಕೇ ಕೊಡಿ ಎನ್ನುವುದು ಯಾವ ನ್ಯಾಯ? ತಮ್ಮ ಕಂಪ್ಯೂಟರಿನಲ್ಲೇ ಇರುವುದನ್ನು ಕಚೇರಿಗಳು ಜನರಿಂದ ಕೇಳುವುದು ನಿಲ್ಲಲಿ. ನಿಂತರೆ ನನ್ನ ವ್ಯಾಪಾರ ಅರ್ಧಕ್ಕಿಳಿಯುತ್ತದೆ, ಇಳಿಯಲಿ. ಎರಡನೆಯದು ನಮ್ಮಂಥ ಅಂಗಡಿಯವರದು. ಕೆಲಸ ಮುಗಿದ ಕೂಡಲೇ ಗಿರಾಕಿಯ ಎದುರಿಗೇ ಫೈಲು ಅಳಿಸಬೇಕು, ಹಾಳಾದ ಪ್ರತಿ ಹರಿದು ಸುಡಬೇಕು. ತೂಕಕ್ಕೆ ಮುದ್ರೆ ಹಾಕಲು ಅಧಿಕಾರಿಗಳು ಬರುವ ಹಾಗೆ ಇದನ್ನು ನೋಡಲೂ ಯಾರಾದರೂ ಬರಲಿ. ಇನ್ನು ಗಿರಾಕಿಗಳು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಬಹುದು, ಯಾವ ಕೆಲಸಕ್ಕೆಂದು ನಕಲಿನ ಮೇಲೇ ಬರೆಯಬಹುದು, ಬೆರಳಚ್ಚನ್ನು ಲಾಕ್ ಮಾಡಿಡಬಹುದು.

ಹೋದ ತಿಂಗಳು ಅದೇ ಪೆನ್‌ಡ್ರೈವ್ ಹುಡುಗ ಮತ್ತೆ ಬಂದಿದ್ದ. ತಂಗಿಗೆ ಗಂಡು ನೋಡುತ್ತಿದ್ದಾರಂತೆ. ಜಾತಕ, ಫೋಟೊ ಸೇರಿಸಿ ಬಯೋಡೇಟಾ ಮಾಡಿಸಿದ. ಪ್ರಿಂಟ್ ಕೈಗೆ ಕೊಟ್ಟ ಮೇಲೂ ಹೋಗದೆ ನಿಂತ.

‘ಅಕ್ಕ, ತಂಗಿ ಫೋಟೊ ಕಂಪ್ಯೂಟರಿಂದ ತೆಗ್ದುಬಿಡಿ.’

ತೆಗೆದೆ. ರಿಸೈಕಲ್ ಬಿನ್ನಿನಿಂದಲೂ ಹೋಯಿತೇ ಎಂದು ಮೇಜಿನ ಮೇಲಿಂದ ಬಗ್ಗಿ ನೋಡಿದ. ನನ್ನ ಬಾಯಿಗೆ ಒಂದು ಮಾತು ಬಂತು, ನುಂಗಿಕೊಂಡೆ. ಅವನ ಮುಖ ನೋಡಿದರೆ ಅವನಿಗೂ ಅದೇ ನೆನಪಾದಂತಿತ್ತು.