ಕಡೆಗಣಿಸಿದ ಪ್ರೋಟೀನ್, ಕಳೆದುಹೋಗುವ ದೃಷ್ಟಿ

ಪ್ರೋಟೀನ್ ಎಂದೊಡನೆ ನಮಗೆ ನೆನಪಾಗುವುದು ಮೊಟ್ಟೆ, ಮೀನು, ಬೇಳೆಕಾಳು. ಆದರೆ ನಮ್ಮ ಜೀವಕೋಶಗಳಲ್ಲೂ ಸಾವಿರಾರು ಬಗೆಯ ಪ್ರೋಟೀನ್‌ಗಳು ಹಗಲಿರುಳು ದುಡಿಯುತ್ತಿವೆ. ಅವುಗಳಲ್ಲಿ ಕೆಲವು ಬಹುಕಾಲ ವಿಜ್ಞಾನಿಗಳ ಗಮನಕ್ಕೇ ಬರಲಿಲ್ಲ. ಅಕ್ವಾಪೋರಿನ್ ಅಂಥದ್ದೊಂದು.

1988ರಲ್ಲಿ ಅಮೆರಿಕದ ಪೀಟರ್ ಆಗ್ರೆ ಕೆಂಪು ರಕ್ತಕಣಗಳಿಂದ ಆರ್‌ಎಚ್ ಗುಂಪಿನ ಪ್ರೋಟೀನನ್ನು ಬೇರ್ಪಡಿಸುತ್ತಿದ್ದರು. ಅದರ ಜೊತೆಗೆ ಮತ್ತೊಂದು ಪ್ರೋಟೀನ್ ಕಾಣಿಸಿಕೊಂಡಿತು. ಮೊದಲಿಗೆ ಅದನ್ನು ಕಲ್ಮಶವೆಂದೇ ಎಣಿಸಲಾಗಿತ್ತು. ಆಗ್ರೆ ಅದನ್ನು ಬಿಡದೆ ಬೆನ್ನುಹತ್ತಿದರು. ಆ ಪ್ರೋಟೀನನ್ನು ತಯಾರಿಸುವಂತೆ ಮಾಡಿದ ಕಪ್ಪೆಯ ಮೊಟ್ಟೆಗಳನ್ನು ಲವಣಾಂಶ ಕಡಿಮೆಯಿರುವ ನೀರಿನಲ್ಲಿಟ್ಟಾಗ ಅವು ಉಬ್ಬಿ ಒಡೆದವು. ಸಾಮಾನ್ಯ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಜೀವಕೋಶದ ಪೊರೆಯಲ್ಲಿ ನೀರು ಹಾಯುವ ಬಾಗಿಲು ಯಾವುದೆಂದು 1992ರಲ್ಲಿ ಹೀಗೆ ತಿಳಿಯಿತು. 2003ರಲ್ಲಿ ಆಗ್ರೆಯವರಿಗೆ ನೊಬೆಲ್ ಪ್ರಶಸ್ತಿ ಬಂತು.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಮೂತ್ರವಾಗಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ. ಉಳಿದ ನೀರನ್ನು ದೇಹ ಮರಳಿ ಪಡೆಯುವುದರಲ್ಲಿ ಈ ಬಾಗಿಲುಗಳ ಪಾತ್ರ ದೊಡ್ಡದು.

ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿ ಅಕ್ವಾಪೋರಿನ್-4 ಇದೆ. ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇದರ ಮೇಲೆ ತಿರುಗಿಬೀಳುತ್ತದೆ. ಈ ರೋಗದ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಇದಕ್ಕೆ ತುತ್ತಾಗುವವರಲ್ಲಿ ಬಹುಪಾಲು ಮಹಿಳೆಯರು. ಕಣ್ಣುನೋವಿನೊಂದಿಗೆ ದೃಷ್ಟಿ ಮಂಜಾಗುವುದು, ಕೈಕಾಲುಗಳ ಬಲ ಕುಂದುವುದು, ಮೂತ್ರ ಕಟ್ಟಿಕೊಳ್ಳುವುದು ಇದರ ಲಕ್ಷಣಗಳು. ಕೆಲವರಿಗೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ಮತ್ತು ವಾಂತಿಯೇ ಮೊದಲ ಸೂಚನೆ. ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ಸುಲಭ.

ಬಹುಕಾಲ ಈ ರೋಗವನ್ನು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ರೂಪವೆಂದೇ ತಿಳಿಯಲಾಗಿತ್ತು. 2004-05ರಲ್ಲಿ ಅಕ್ವಾಪೋರಿನ್-4ರ ವಿರುದ್ಧದ ಪ್ರತಿಕಾಯ ಪತ್ತೆಯಾದ ಮೇಲೆ ಎರಡೂ ಬೇರೆ ಎಂಬುದು ಸ್ಪಷ್ಟವಾಯಿತು. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್‌ನಂತಹ ಕೆಲವು ಔಷಧಿಗಳು ಈ ರೋಗವನ್ನು ಉಲ್ಬಣಗೊಳಿಸಬಲ್ಲವು.

ಆದ್ದರಿಂದ ಇಂತಹ ಲಕ್ಷಣಗಳು ಕಂಡಾಗ ಕನ್ನಡಕ ಬದಲಿಸಿ ಸುಮ್ಮನಾಗಬಾರದು. ಕೂಡಲೇ ನರರೋಗ ತಜ್ಞರನ್ನು ಕಾಣಬೇಕು. ಅಕ್ವಾಪೋರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಬೇಕೇ ಎಂದು ಕೇಳಲು ಸಂಕೋಚ ಬೇಡ. ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲ ಎಂದೂ ಅಲ್ಲ, ಅದನ್ನು ವೈದ್ಯರೇ ನಿರ್ಧರಿಸಬೇಕು.

ಇನ್ನೊಂದು ಮಾತು ಮನೆಯವರಿಗೆ. ದೃಷ್ಟಿ ಮರಳಿತು, ನಡೆದಾಡುತ್ತಾಳೆ ಎಂದು ಔಷಧಿ ನಿಲ್ಲಿಸಬೇಡಿ. ಈ ರೋಗ ಮರುಕಳಿಸುತ್ತದೆ, ಒಂದೊಂದು ಸಲವೂ ಉಳಿದ ದೃಷ್ಟಿಯಿಂದ, ಉಳಿದ ಬಲದಿಂದ ಒಂದಿಷ್ಟನ್ನು ಕಸಿಯುತ್ತದೆ. ಅದನ್ನು ತಡೆಯಲೆಂದೇ ವರ್ಷಗಟ್ಟಲೆ ಔಷಧಿ ಕೊಡುವುದು. ಮನೆಯ ಹೆಣ್ಣುಮಗಳ ಔಷಧಿಯ ಖರ್ಚನ್ನು ಕೊನೆಯ ಸಾಲಿಗೆ ತಳ್ಳುವ ರೂಢಿ ಇಲ್ಲಿ ಅವಳ ಕಣ್ಣನ್ನೇ ಕಳೆಯಬಹುದು.