ಪೊರೆಯೆಂದು ಕಾಯುತ್ತ ಕೂರಬೇಡಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ವಯಸ್ಸಾದವರ ಕಣ್ಣು ಮಂಜಾದರೆ ಮನೆಯವರು ಹೇಳುವುದು ಒಂದೇ ಮಾತು: ‘ಪೊರೆ ಬಂದಿರ್ಬೇಕು, ಬಲೀಲಿ, ಆಮೇಲೆ ಆಪರೇಷನ್ ಮಾಡಿಸಿದ್ರಾಯ್ತು.’ ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳೀತು. ಗ್ಲಾಕೋಮಾದಲ್ಲಿ ಹೋದ ನೋಟ ಹೋದಂತೆಯೇ. ಕಣ್ಣಿನೊಳಗಿನ ದ್ರವ ಸರಾಗವಾಗಿ ಹೊರಹೋಗದೆ ಒತ್ತಡ ಏರುತ್ತದೆ, ದೃಷ್ಟಿನರ ಸವೆಯುತ್ತದೆ. ಬಹುಪಾಲು ಜನರಿಗೆ ನೋವೂ ಇಲ್ಲ, ಕೆಂಪೂ ಇಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಪಕ್ಕದಿಂದ ಬಂದ ಬೈಕು ಕಾಣಲಿಲ್ಲ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ 100 ಜನರಲ್ಲಿ 90ಕ್ಕೂ ಹೆಚ್ಚು ಮಂದಿಗೆ ತಮಗೆ ಅದಿದೆ ಎಂಬುದೇ ಗೊತ್ತಿರಲಿಲ್ಲ.

ಇನ್ನೊಂದು ಅಪಾಯ ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿದೆ. ಈರುಳ್ಳಿ ಹಸನು ಮಾಡಿ ಕಣ್ಣುರಿ, ಬೇಸಿಗೆಯಲ್ಲಿ ಮಕ್ಕಳಿಗೆ ಕಣ್ಣು ತುರಿಕೆ. ಚೀಟಿಯಿಲ್ಲದೆ ‘ಹೋದ್ಸಲ ಕೊಟ್ಟಿದ್ದೇ ಕೊಡಿ’ ಎಂದರೆ ಡ್ರಾಪ್ಸ್ ಕೈಗೆ ಬರುತ್ತದೆ. ಅದರಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಉರಿ ಅಂದೇ ತಣ್ಣಗಾಗುತ್ತದೆ, ವಾರಗಟ್ಟಲೆ ಹಾಕಿದರೆ ಕೆಲವರ ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ. ಹೀಗೆ ಮಾರುವವರನ್ನು ಔಷಧ ನಿಯಂತ್ರಣ ಇಲಾಖೆ ಕೇಳಬೇಕು.

ನಮ್ಮ ಕಣ್ಣಿನ ಶಿಬಿರಗಳಿಗೆ ಡಾ. ಎಂ.ಸಿ. ಮೋದಿಯವರ ಕಾಲದಿಂದಲೂ ಪೊರೆಯೇ ಗುರಿ. ಆ ಕೆಲಸ ದೊಡ್ಡದೇ. ಆದರೆ ಅದೇ ಸಾಲಿನಲ್ಲಿ ನಿಂತ 40 ದಾಟಿದವರ ಒತ್ತಡ ಅಳೆಯುವುದಕ್ಕೆ ಕೆಲವೇ ನಿಮಿಷ ಸಾಕು. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಅಷ್ಟೇ ಇದ್ದೂ ನರ ಹಾಳಾಗುವವರಿದ್ದಾರೆ, ಹಾಗಾಗಿ ನರವನ್ನೂ ನೋಡಬೇಕು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರು, ಮಕ್ಕಳು ತೋರಿಸಿಕೊಳ್ಳಲೇಬೇಕು.

ಚಿಕಿತ್ಸೆಯಿದೆ: ಡ್ರಾಪ್ಸ್, ಲೇಸರ್, ಶಸ್ತ್ರಚಿಕಿತ್ಸೆ. ಉಳಿದಿರುವ ನೋಟವನ್ನು ಅವು ಕಾಯುತ್ತವೆ, ಅಷ್ಟೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಉಬ್ಬಸವಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಟಿಮೊಲಾಲ್ ಎಂಬ ಹನಿ ಆಗಿಬರುವುದಿಲ್ಲ. ‘ಈಗ ಚೆನ್ನಾಗಿದೆ’ ಎಂದು ಹನಿ ನಿಲ್ಲಿಸುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಮತ್ತೆ ಮತ್ತೆ ತೋರಿಸಲು ಶಿವಮೊಗ್ಗಕ್ಕೆ ಓಡಾಡುವುದೂ ಕಷ್ಟವೇ. ತರೀಕೆರೆಯೇನೋ ಶಿವಮೊಗ್ಗದ ರೈಲು ಹಾದಿಯಲ್ಲಿದೆ, ಅಜ್ಜಂಪುರ ಇರುವುದು ಹುಬ್ಬಳ್ಳಿ ಹಾದಿಯಲ್ಲಿ. ಒತ್ತಡ ಅಳೆಯುವ ವ್ಯವಸ್ಥೆ ಮೂರೂ ತಾಲ್ಲೂಕುಗಳಲ್ಲೇ ಬೇಕೆನ್ನುವುದು ಇದಕ್ಕೇ.

ದಿಢೀರನೆ ಕಣ್ಣುನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅಂದೇ ಆಸ್ಪತ್ರೆಗೆ ಹೊರಡಿ. ಏನೂ ಇಲ್ಲದವರು ಮುಂದಿನ ಶಿಬಿರದಲ್ಲಿ ‘ಪ್ರೆಷರ್ರೂ ನೋಡಿ’ ಎಂದು ಬಾಯಿಬಿಟ್ಟು ಕೇಳಿ.